ತೂಕ–ಅಳತೆಯ ಸಾಧನಗಳ ಸರ್ಕಾರಿ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಮೀನು ಮಾರುಕಟ್ಟೆ, ಅಂಕೋಲಾ–ಕುಮಟಾದ ಸಂತೆ, ಶಿರಸಿ–ಸಿದ್ದಾಪುರದ ಅಡಿಕೆ ವ್ಯಾಪಾರ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್. ಎಲ್ಲಿ ಮಾತು ತೆಗೆದರೂ ತೂಕದ ಬಗ್ಗೆ ಒಂದು ಅನುಮಾನ ಹೊರಬೀಳುತ್ತದೆ. ಆ ಅನುಮಾನ ಗೊಣಗಾಟದಲ್ಲೇ ಮುಗಿದುಹೋಗುವುದು ನನಗೆ ಬೇಸರದ ಸಂಗತಿ. ಸಾಧನವನ್ನು ಸರ್ಕಾರದ ನಿರೀಕ್ಷಕರೇ ಬಂದು ಪರೀಕ್ಷಿಸುವ ವ್ಯವಸ್ಥೆ ನಮ್ಮಲ್ಲಿದೆ. ಅದನ್ನು ಕೇಳಲು ವಕೀಲರೂ ಬೇಡ, ಶಿಫಾರಸೂ ಬೇಡ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ತಿಳಿದಿರಬೇಕಾದದ್ದು

ತೂಕ ಕಡಿಮೆ ಇದೆ ಅನ್ನಿಸಿದರೆ ಯಾರ ಹತ್ತಿರ ಹೋಗಬೇಕು? ಪೊಲೀಸರ ಹತ್ತಿರವೋ, ನಗರಸಭೆಗೋ?

ಎರಡೂ ಅಲ್ಲ. ಈ ಕೆಲಸಕ್ಕೆಂದೇ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ. ಹಿರಿಯರು ಈಗಲೂ ಅದನ್ನು ತೂಕ ಮತ್ತು ಅಳತೆ ಇಲಾಖೆ ಎಂದೇ ಕರೆಯುತ್ತಾರೆ. ಕಾನೂನು ಮಾಪನಶಾಸ್ತ್ರ ಕಾಯಿದೆ 2009ರಲ್ಲಿ ಬಂತು, 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಕಾರವಾರದಲ್ಲಿರುವ ಇಲಾಖೆಯ ಕಚೇರಿಗೆ ಪತ್ರ ಬರೆಯಬಹುದು, ಇಲ್ಲವೇ ನಿಮ್ಮ ತಾಲ್ಲೂಕನ್ನು ನೋಡಿಕೊಳ್ಳುವ ನಿರೀಕ್ಷಕರು ಯಾರೆಂದು ಅಲ್ಲಿಯೇ ಕೇಳಿ ಅವರಿಗೆ ಕೊಡಬಹುದು. ಯಲ್ಲಾಪುರದಿಂದಲೋ ಜೋಯಿಡಾದಿಂದಲೋ ಕಾರವಾರಕ್ಕೆ ಹೋಗಿಬರುವುದು ಕಷ್ಟವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಕರೆ ಉಚಿತ.

ನಾನು ಬರೀ ಗಿರಾಕಿ. ನನ್ನ ಮಾತಿಗೆ ನಿರೀಕ್ಷಕರು ಬರುತ್ತಾರೆಯೇ? ದುಡ್ಡು ಕಟ್ಟಬೇಕೇ?

ವ್ಯಾಪಾರಕ್ಕೆ ಬಳಸುವ ಯಾವುದೇ ತೂಕ–ಅಳತೆಯ ಸಾಧನವನ್ನು ತಪಾಸಣೆ ಮಾಡುವ ಅಧಿಕಾರವನ್ನು ಕಾಯಿದೆಯ 15ನೇ ಕಲಮು ಅಧಿಕಾರಿಗೆ ಕೊಟ್ಟಿದೆ. ಆ ತಪಾಸಣೆಗೆ ಕಾರಣ ಒದಗಿಸುವ ಮಾಹಿತಿ ಯಾರಿಂದ ಬೇಕಾದರೂ ಬರಬಹುದು. ದೂರಿಗೆ ಶುಲ್ಕವಿಲ್ಲ. ಶುಲ್ಕ ಕಟ್ಟಬೇಕಾದವರು ಸಾಧನದ ಮಾಲೀಕರು, ಅದೂ ನಿಯಮಿತವಾಗಿ ಮೊಹರು, ಅಂದರೆ ಸಾಧನ ಸರಿಯಿದೆ ಎಂಬ ಇಲಾಖೆಯ ಮುದ್ರೆ, ಹಾಕಿಸಿಕೊಳ್ಳುವಾಗ.

ತ್ರಾಸಿಗೆ ಮೊಹರು ಇದೆಯೋ ಇಲ್ಲವೋ ಎಂದು ಎಲ್ಲಿ ನೋಡಬೇಕು?

ಎಲೆಕ್ಟ್ರಾನಿಕ್ ತೂಕದ ಯಂತ್ರದ ಪಕ್ಕದಲ್ಲೋ ಹಿಂಬದಿಯಲ್ಲೋ ಸಣ್ಣ ತಂತಿ ಸುತ್ತಿ, ಅದರ ತುದಿಗೆ ಸೀಸದ ಗುಂಡಿ ಒತ್ತಿರುತ್ತಾರೆ. ತಂತಿ ಯಂತ್ರದ ಸ್ಕ್ರೂ ಮೂಲಕ ಹಾದುಹೋಗಿರುವುದರಿಂದ ಮೊಹರು ಮುರಿಯದೆ ಒಳಗಿನ ಹೊಂದಾಣಿಕೆಗೆ ಕೈ ಹಾಕಲಾಗದು. ಸೀಸದ ಮೇಲೆ ಇಲಾಖೆಯ ಗುರುತಿನ ಜೊತೆಗೆ ವರ್ಷ ಮತ್ತು ತ್ರೈಮಾಸಿಕದ ಅಕ್ಷರ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಕಬ್ಬಿಣದ ತೂಕದ ಬಟ್ಟುಗಳನ್ನು ಮಗುಚಿ ನೋಡಿ. ಒಂದು ಕುಳಿಯಲ್ಲಿ ಸೀಸ ತುಂಬಿ ಅದರ ಮೇಲೆ ಮುದ್ರೆ ಒತ್ತಿರುತ್ತಾರೆ. ಕುಳಿ ಖಾಲಿಯಿದ್ದರೆ ಆ ಬಟ್ಟಿನ ತೂಕ ಕಡಿಮೆಯಾಗಿದೆ ಎಂದೇ ತಿಳಿಯಿರಿ.

ಇದಲ್ಲದೆ ಸಾಧನವನ್ನು ಪರೀಕ್ಷಿಸಿ ಮೊಹರು ಹಾಕಿದ್ದಕ್ಕೆ ಇಲಾಖೆ ಕೊಡುವ ಸತ್ಯಾಪನಾ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಬೇಕೆಂಬ ನಿಯಮವಿದೆ. ದೇವರ ಪಟದ ಪಕ್ಕದಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಅಂಗಡಿಗಳನ್ನು ಕಂಡಾಗ ಮನಸ್ಸಿಗೆ ಹಿತವೆನಿಸುತ್ತದೆ.

ಮೊಹರು ಎಷ್ಟು ವರ್ಷಕ್ಕೊಮ್ಮೆ ಹೊಸದಾಗಬೇಕು?

ಎಲೆಕ್ಟ್ರಾನಿಕ್ ಯಂತ್ರ, ಪೆಟ್ರೋಲ್ ಪಂಪು, ಲಾರಿ ತೂಗುವ ವೇ ಬ್ರಿಡ್ಜ್, ಟ್ಯಾಂಕರ್ ಲಾರಿ, ಆಟೋ ಮೀಟರ್ ಇವಕ್ಕೆಲ್ಲ 12 ತಿಂಗಳು. ಕಬ್ಬಿಣದ ಬಟ್ಟು, ಲೀಟರ್ ಮಾಪು, ಮೀಟರ್ ಕೋಲು, ಟೇಪು, ಬಟ್ಟು ಇಟ್ಟು ತೂಗುವ ಎರಡು ತಟ್ಟೆಯ ತೋಲುವ ತಕ್ಕಡಿ ಇವಕ್ಕೆ 24 ತಿಂಗಳು. ನೆಲದೊಳಗಿನ ದೊಡ್ಡ ಸಂಗ್ರಹ ಟ್ಯಾಂಕಿಗೆ 60 ತಿಂಗಳು.

ಪರೀಕ್ಷೆ ಕೇಳಿದರೆ ಅಂಗಡಿಯವರನ್ನು ಕಳ್ಳ ಎಂದ ಹಾಗಾಗುವುದಿಲ್ಲವೇ? ದಿನಾ ಮುಖ ನೋಡುವವರು ನಾವು.

ಈ ಪ್ರಶ್ನೆಯೇ ನಮ್ಮ ಕಡೆ ಹೆಚ್ಚಿನ ದೂರುಗಳನ್ನು ಬಾಯಲ್ಲೇ ಉಳಿಸಿಬಿಡುತ್ತದೆ. ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ತೂಕ ತಪ್ಪುವುದಕ್ಕೆ ಮನುಷ್ಯರ ಕೈವಾಡವೇ ಬೇಕೆಂದಿಲ್ಲ. ಎಲೆಕ್ಟ್ರಾನಿಕ್ ಯಂತ್ರದ ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗುವಿಕೆಯನ್ನೇ ಯಂತ್ರ ಅಂಕಿಯಾಗಿ ತೋರಿಸುತ್ತದೆ. ಕರಾವಳಿಯ ಉಪ್ಪುಗಾಳಿ, ಮಳೆಗಾಲದ ನಾಲ್ಕು ತಿಂಗಳ ತೇವ, ಮೀನಿನ ನೀರು, ಇರುವೆ, ಜಿರಳೆ ಎಲ್ಲವೂ ಅದರ ಶತ್ರುಗಳೇ. ಒಮ್ಮೆ ಭಾರದ ಚೀಲವನ್ನು ದಪ್ಪೆಂದು ಎತ್ತಿಹಾಕಿದರೂ ಸಾಕು, ಅದರ ಹದ ತಪ್ಪಬಹುದು. ಕಬ್ಬಿಣದ ಬಟ್ಟು ತುಕ್ಕು ಹಿಡಿದು ಸವೆಯುತ್ತದೆ. ಹೀಗೆ ಕೆಟ್ಟ ಸಾಧನ ಗಿರಾಕಿಗೇ ನಷ್ಟ ಮಾಡುತ್ತದೆ ಎಂಬ ನಿಯಮವೇನೂ ಇಲ್ಲ. ಹೆಚ್ಚಿಗೆ ಕೊಟ್ಟು ಕೈ ಸುಟ್ಟುಕೊಳ್ಳುವ ಅಂಗಡಿಯವರೂ ಇದ್ದಾರೆ.

ಹಾಗಾಗಿ ಮಾತನ್ನು ಯಂತ್ರದ ಮೇಲೆ ಇಡಿ, ಮನುಷ್ಯರ ಮೇಲೆ ಬೇಡ. "ಅಣ್ಣ, ಈ ಯಂತ್ರ ಸ್ವಲ್ಪ ಸರಿಯಿಲ್ಲ ಅನ್ನಿಸುತ್ತದೆ, ಒಮ್ಮೆ ಬಟ್ಟು ಇಟ್ಟು ನೋಡೋಣವೇ" ಎಂದು ಕೇಳಿದರೆ ಬಹುಪಾಲು ಅಂಗಡಿಯವರು ತಾವೇ ಬಟ್ಟು ತೆಗೆದಿಡುತ್ತಾರೆ. ಕೇಳಿದ್ದಕ್ಕೇ ಸಿಟ್ಟಿಗೆದ್ದು ಕೂಗಾಡಿದರೆ ಅಲ್ಲಿ ವಾದ ಬೇಡ. ನಿಮ್ಮ ಸಾಮಾನು, ನಿಮ್ಮ ಚೀಟಿ ಹಿಡಿದು ಹೊರಡಿ, ಉಳಿದದ್ದನ್ನು ನಿರೀಕ್ಷಕರಿಗೆ ಬಿಡಿ.

## ಅಂಗಡಿಯ ಮುಂದೆ ನಿಂತಾಗ

ದೂರು ಕೊಡುವ ಮೊದಲು ನಾನೇ ಒಮ್ಮೆ ನೋಡಿಕೊಳ್ಳಬಹುದೇ?

ನೋಡಿಕೊಳ್ಳಲೇಬೇಕು. ಖಾಲಿ ತಟ್ಟೆಗೆ ಸೊನ್ನೆ ಬರುತ್ತದೆಯೇ? ಯಂತ್ರದ ಮೂಲೆಯಲ್ಲಿರುವ ಪುಟ್ಟ ಗಾಜಿನಲ್ಲಿ ಗಾಳಿಗುಳ್ಳೆ ನಡುವಿನ ವೃತ್ತದಲ್ಲಿ ನಿಂತಿದೆಯೇ? ಯಂತ್ರ ವಾಲಿದ್ದರೆ ತೂಕವೂ ವಾಲುತ್ತದೆ. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅಂಕಿ ಕುಣಿಯುತ್ತದೆ. ಒಂದೇ ವಸ್ತುವನ್ನು ತಟ್ಟೆಯ ನಾಲ್ಕೂ ಮೂಲೆಗೆ ಇಟ್ಟು ನೋಡಿ, ತೂಕ ಬೇರೆ ಬೇರೆ ಬಂದರೆ ಯಂತ್ರ ದುರಸ್ತಿಗೆ ಬಂದಿದೆ ಎಂದರ್ಥ.

ಬಹಳ ಜನರಿಗೆ ಗೊತ್ತಿಲ್ಲದ ನಿಯಮ ಇನ್ನೊಂದಿದೆ. ತೂಕದ ಯಂತ್ರ ಬಳಸುವವರು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು, ಅಥವಾ ಒಂದು ಟನ್, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು ಮೊಹರು ಹಾಕಿದ ಬಟ್ಟುಗಳನ್ನು ಯಂತ್ರದ ಬಳಿಯೇ ಇಟ್ಟುಕೊಂಡಿರಬೇಕು. 30 ಕಿಲೋ ಯಂತ್ರಕ್ಕೆ 3 ಕಿಲೋ ಬಟ್ಟು. ಅವನ್ನು ಇಟ್ಟು ತೋರಿಸಿ ಎಂದು ಕೇಳುವುದಕ್ಕೆ ಹಿಂಜರಿಯಬೇಡಿ.

ಪಕ್ಕದಲ್ಲಿದ್ದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಇಟ್ಟು ಯಂತ್ರವನ್ನು ಪರೀಕ್ಷಿಸುವ ರೂಢಿ ಮಾತ್ರ ಪ್ರಯೋಜನವಿಲ್ಲದ್ದು. ಒಂದು ಕಿಲೋ ಪ್ಯಾಕೆಟ್ಟಿನೊಳಗಿನ ಪದಾರ್ಥದಲ್ಲಿ 15 ಗ್ರಾಂ ವ್ಯತ್ಯಾಸಕ್ಕೆ ನಿಯಮವೇ ಅವಕಾಶ ಕೊಟ್ಟಿದೆ, ಜೊತೆಗೆ ಕವರಿನ ತೂಕ ಬೇರೆ. ಅದನ್ನು ನಂಬಿ ಯಂತ್ರವನ್ನು ದೂರುವುದು ಅನ್ಯಾಯ.

ಎರಡು ಕಿಲೋ ತಂದದ್ದು ಮನೆಯಲ್ಲಿ ತೂಗಿದರೆ 40 ಗ್ರಾಂ ಕಡಿಮೆ ಬಂತು. ಇದು ಮೋಸವೇ?

ಮೊದಲು ಮನೆಯ ಯಂತ್ರ ಎಂಥದ್ದು ಎಂದು ಕೇಳಿಕೊಳ್ಳಿ. ಅಡುಗೆಮನೆಯ ಅಗ್ಗದ ಯಂತ್ರಕ್ಕೆ ಮೊಹರು ಇರುವುದಿಲ್ಲ, ಅದರ ಲೆಕ್ಕ ಸಾಕ್ಷಿಯಾಗದು. ಅನುಮಾನ ಹುಟ್ಟಿಸಲು ಅಷ್ಟು ಸಾಕು.

ಅಂಗಡಿಯ ಯಂತ್ರಕ್ಕೆ ಎಷ್ಟು ತಪ್ಪು ಕ್ಷಮ್ಯ ಎಂಬುದನ್ನು ಅದರ ಮೈಮೇಲಿನ ಪಟ್ಟಿಯೇ ಹೇಳುತ್ತದೆ. ಅಲ್ಲಿ ಮ್ಯಾಕ್ಸ್, ಮಿನ್, ಇ ಎಂಬ ಮೂರು ಗುರುತುಗಳಿರುತ್ತವೆ. ಮ್ಯಾಕ್ಸ್ ಎಂದರೆ ಅದು ತೂಗಬಲ್ಲ ಗರಿಷ್ಠ ಭಾರ, ಮಿನ್ ಎಂದರೆ ಅದಕ್ಕಿಂತ ಕಡಿಮೆ ಭಾರವನ್ನು ಅದರಲ್ಲಿ ತೂಗಬಾರದು, ಇ ಎಂದರೆ ತಪ್ಪನ್ನು ಲೆಕ್ಕ ಹಾಕುವ ಒಂದು ಮೆಟ್ಟಿಲು, ಸಾಮಾನ್ಯವಾಗಿ ಯಂತ್ರದ ಅಂಕಿ ಒಂದು ಸಲಕ್ಕೆ ಏರುವ ಕನಿಷ್ಠ ತೂಕ. ಮ್ಯಾಕ್ಸ್ 30 ಕಿಲೋ, ಇ 5 ಗ್ರಾಂ ಇರುವ, ನಿಖರತೆಯಲ್ಲಿ ಮೂರನೇ ದರ್ಜೆಯ, ಅಂದರೆ ಸಾಮಾನ್ಯ ಅಂಗಡಿಗಳಲ್ಲಿರುವ ಯಂತ್ರವನ್ನು ತೆಗೆದುಕೊಳ್ಳಿ. 500 ಮೆಟ್ಟಿಲುಗಳವರೆಗೆ, ಅಂದರೆ ಎರಡೂವರೆ ಕಿಲೋವರೆಗೆ, ಮೊಹರು ಹಾಕುವ ದಿನ ಅರ್ಧ ಮೆಟ್ಟಿಲಿಗಿಂತ ಹೆಚ್ಚು ತಪ್ಪಿರಬಾರದು. 2,000 ಮೆಟ್ಟಿಲುಗಳವರೆಗೆ, ಅಂದರೆ 10 ಕಿಲೋವರೆಗೆ, ಒಂದು ಮೆಟ್ಟಿಲು. ಅದರಾಚೆ ಒಂದೂವರೆ. ಬಳಕೆಯಲ್ಲಿರುವಾಗ ತಪಾಸಣೆ ಮಾಡಿದರೆ ಇದರ ಇಮ್ಮಡಿ. ಹೀಗಾಗಿ ನಿಮ್ಮ ಎರಡು ಕಿಲೋಗೆ 5 ಗ್ರಾಂ ವ್ಯತ್ಯಾಸ ನಿಯಮದೊಳಗಿನದು. 40 ಗ್ರಾಂ ನಿಜವೇ ಆಗಿದ್ದರೆ ಅದು ಪರೀಕ್ಷೆಗೆ ತಕ್ಕ ವಿಷಯ.

ಮಿನ್ ಗುರುತನ್ನೂ ಮರೆಯಬೇಡಿ. ಈ ಯಂತ್ರದಲ್ಲಿ ಅದು 100 ಗ್ರಾಂ. 50 ಗ್ರಾಂ ಏಲಕ್ಕಿಯನ್ನು ಅದರಲ್ಲಿ ತೂಗಿದರೆ ಯಂತ್ರ ಸರಿಯಿದ್ದರೂ ತೂಕ ಸರಿಯೆನ್ನಲಾಗದು. ಏಲಕ್ಕಿಯ ಬೆಲೆಗೆ ಇದು ಸಣ್ಣ ಮಾತಲ್ಲ.

ಮೀನು ಮಾರುಕಟ್ಟೆಯಲ್ಲಿ ಇದೆಲ್ಲ ನಡೆಯುತ್ತದೆಯೇ? ಅಲ್ಲಿ ನೀರು, ಮಂಜುಗಡ್ಡೆ, ಪಾಲು ಲೆಕ್ಕ.

ಪಾಲು ಹಾಕಿ, ಇಷ್ಟು ಬಂಗಡೆಗೆ ಇಷ್ಟು ರೂಪಾಯಿ ಎಂದು ಮಾರುವಾಗ ತೂಕದ ಮಾತೇ ಬರುವುದಿಲ್ಲ, ಪರೀಕ್ಷಿಸಲು ಸಾಧನವೂ ಇಲ್ಲ. ಅಲ್ಲಿ ನಿಮ್ಮ ಕಣ್ಣು ಮತ್ತು ಚೌಕಾಸಿಯೇ ಅಳತೆ. ಆದರೆ ಇಸೋಣ, ಪಾಂಪ್ರೆಟ್, ಸಿಗಡಿಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟ ಕೂಡಲೇ ಕಾಯಿದೆ ಪೂರ್ತಿ ಅನ್ವಯವಾಗುತ್ತದೆ.

ತೂಗುವ ಮೊದಲು ಬುಟ್ಟಿ ಅಥವಾ ಪ್ಲಾಸ್ಟಿಕ್ ತಟ್ಟೆ ಇಟ್ಟು ಸೊನ್ನೆ ಮಾಡಿದ್ದಾರೆಯೇ ನೋಡಿ. ಹಿಂದಿನ ಗಿರಾಕಿಯ ಮೀನಿನಿಂದ ಇಳಿದ ನೀರು ತಟ್ಟೆಯಲ್ಲಿ ನಿಂತಿದ್ದರೆ ಚೆಲ್ಲಲು ಹೇಳಿ. ಮಂಜುಗಡ್ಡೆಯ ಚೂರುಗಳನ್ನು ಬೇರ್ಪಡಿಸಿ ತೂಗಲು ಹೇಳಿ. ತೋಲುವ ತಕ್ಕಡಿಯನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತೂಗುವಂತಿಲ್ಲ, ಸ್ಟ್ಯಾಂಡಿಗೋ ಕೊಕ್ಕೆಗೋ ನೇತುಹಾಕಿರಬೇಕು. ಬುಟ್ಟಿ ಹೊತ್ತು ಮನೆಮನೆಗೆ ಬರುವ ಅಕ್ಕಂದಿರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಬಟ್ಟಿನ ಬದಲು ಕಲ್ಲು ಇಟ್ಟು ತೂಗುವುದಕ್ಕೆ ಮಾತ್ರ ಯಾರಿಗೂ ವಿನಾಯಿತಿ ಇಲ್ಲ.

ಇನ್ನೊಂದು ಮಾತು. ಮೀನನ್ನು ಕೊಯ್ಯಿಸಿ, ಹೊಟ್ಟೆ ತೆಗೆಸಿದ ಮೇಲೆ ಮನೆಗೆ ತಂದು ತೂಗಿ ದೂರು ಕೊಡುವವರಿದ್ದಾರೆ. ಆ ದೂರು ನಿಲ್ಲುವುದಿಲ್ಲ.

ಸಿಹಿ ತಿಂಡಿಯನ್ನು ರಟ್ಟಿನ ಡಬ್ಬಿ ಸಮೇತ ತೂಗುತ್ತಾರೆ. ಕೇಳಬಹುದೇ?

ಕೇಳಬೇಕು. ನೀವು ದುಡ್ಡು ಕೊಡುವುದು ಸಿಹಿಗೆ. ಡಬ್ಬಿ ಇಟ್ಟು ಸೊನ್ನೆ ಮಾಡಿ ಆಮೇಲೆ ತೂಗುವುದು ಕ್ರಮ. ಇಲ್ಲಿ ಯಂತ್ರ ಸರಿಯಿದ್ದರೂ ತೂಗುವ ರೀತಿ ತಪ್ಪು, ಅದೂ ಇದೇ ಇಲಾಖೆಗೆ ದೂರು ಕೊಡಬಹುದಾದ ವಿಷಯವೇ.

ಬಂಕಿನಲ್ಲಿ ಪೆಟ್ರೋಲ್ ಕಡಿಮೆ ಹಾಕಿದರೆ ಹೇಗೆ ಗೊತ್ತಾಗುತ್ತದೆ? 100ರ ಬದಲು 110 ರೂಪಾಯಿಗೆ ಹಾಕಿಸಿದರೆ ಸರಿ ಬರುತ್ತದಂತೆ, ನಿಜವೇ?

110ರ ಮಾತಿಗೆ ಆಧಾರವಿಲ್ಲ. ಪಂಪಿನಲ್ಲಿ ದೋಷವಿದ್ದರೆ ಅದು ಎಲ್ಲ ಮೊತ್ತಕ್ಕೂ ತಟ್ಟುತ್ತದೆ.

ಪ್ರತಿ ಬಂಕಿನಲ್ಲೂ ಮೊಹರು ಹಾಕಿದ ಐದು ಲೀಟರ್ ಮಾಪು ಇರಬೇಕು, ಗಿರಾಕಿ ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಇದಕ್ಕೆ ಹಣ ಕೇಳುವಂತಿಲ್ಲ. ಮಾಪಿನ ಮೇಲಿನ ಮೊಹರಿನ ವರ್ಷ ನೋಡಿ. ಒಮ್ಮೆ ಪೆಟ್ರೋಲ್ ತುಂಬಿ ಚೆಲ್ಲಿ ಒಳಗೋಡೆ ತೇವವಾದ ಮೇಲೆಯೇ ಅಳತೆ ಹಿಡಿಯಬೇಕು. ಒಣ ಮಾಪಿನಲ್ಲಿ ಹಿಡಿದರೆ ಗೋಡೆಗೆ ಅಂಟಿದ ಪೆಟ್ರೋಲ್ ಲೆಕ್ಕ ಕೆಡಿಸುತ್ತದೆ. ಪಂಪಿನ ಅಂಕಿ ಸೊನ್ನೆಯಿಂದ ಶುರುವಾಗಿ ಐದಕ್ಕೆ ನಿಂತಾಗ ಮಾಪಿನ ಕುತ್ತಿಗೆಯ ಗೆರೆ ನೋಡಿ. ಐದು ಲೀಟರಿಗೆ 25 ಮಿಲಿ ಲೀಟರ್ ಹೆಚ್ಚುಕಡಿಮೆ ನಿಯಮದೊಳಗೆ. ಅದಕ್ಕಿಂತ ಕೊರತೆಯಾದರೆ ಪಂಪಿನ ನಳಿಕೆಯ ಸಂಖ್ಯೆ ಬರೆದುಕೊಂಡು ದೂರು ಕೊಡಿ. ಒಂದೇ ಬಂಕಿನಲ್ಲಿ ಒಂದು ನಳಿಕೆ ಸರಿಯಿದ್ದು ಪಕ್ಕದ್ದು ತಪ್ಪಿರಬಹುದು, ಆದ್ದರಿಂದ ಸಂಖ್ಯೆ ಮುಖ್ಯ.

ಅಡುಗೆ ಅನಿಲದ ಸಿಲಿಂಡರ್ ತೂಗಿಸಿಕೊಳ್ಳಬಹುದೇ?

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿ, ತಂದವರ ಬಳಿ ಇರಬೇಕಾದ ತೂಕದ ಯಂತ್ರದಲ್ಲಿ ಸೀಲ್ ಒಡೆಯುವ ಮೊದಲೇ ತೂಗಿಸಿ. ಒಡೆದ ಮೇಲೆ ದೂರಿಗೆ ಬಲವಿಲ್ಲ.

## ದೂರು ಬರೆಯುವುದು, ಪರೀಕ್ಷೆ ನಡೆಯುವುದು

ಅರ್ಜಿಯಲ್ಲಿ ಏನು ಬರೆಯಬೇಕು? ನನಗೆ ಕಾನೂನಿನ ಭಾಷೆ ಬರುವುದಿಲ್ಲ.

ಕಾನೂನಿನ ಭಾಷೆ ಬೇಕಿಲ್ಲ, ನಡೆದದ್ದು ನಡೆದ ಹಾಗೆ ಸಾಕು. ಅಂಗಡಿಯ ಹೆಸರು ಮತ್ತು ಇರುವ ಜಾಗ, ದಿನಾಂಕ, ಹೊತ್ತು, ಏನನ್ನು ಎಷ್ಟು ಕೊಂಡಿರಿ, ಎಷ್ಟು ಹಣ ಕೊಟ್ಟಿರಿ, ಬೇರೆಡೆ ತೂಗಿದಾಗ ಎಷ್ಟು ಬಂತು, ಆ ಬೇರೆಡೆ ಯಾವುದು. ಯಂತ್ರದ ಮೊಹರಿನ ವರ್ಷ ಕಂಡಿದ್ದರೆ ಅದನ್ನೂ ಸೇರಿಸಿ. ಬಿಲ್ಲಿನ ನಕಲು ಮತ್ತು ಫೋಟೋ ಇದ್ದರೆ ಲಗತ್ತಿಸಿ. ಕೊನೆಗೆ ಒಂದು ಸಾಲು ಹೀಗಿರಲಿ: "ದಯವಿಟ್ಟು ಸದರಿ ತೂಕದ ಯಂತ್ರವನ್ನು ಪರೀಕ್ಷಿಸಿ, ಫಲಿತಾಂಶವನ್ನು ನನಗೆ ತಿಳಿಸಬೇಕಾಗಿ ಕೋರುತ್ತೇನೆ."

ಫಲಿತಾಂಶ ಕೇಳುವ ಈ ಸಾಲನ್ನು ಬಿಡಬೇಡಿ. ಪತ್ರವನ್ನು ಖುದ್ದಾಗಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. "ಎಲ್ಲ ಅಂಗಡಿಯವರೂ ಮೋಸಗಾರರು" ಎಂಬಂತಹ ಮಾತುಗಳು ಅರ್ಜಿಯನ್ನು ದುರ್ಬಲಗೊಳಿಸುತ್ತವೆ, ಒಂದು ಯಂತ್ರ ಮತ್ತು ಒಂದು ದಿನದ ವಿವರ ಅದನ್ನು ಗಟ್ಟಿ ಮಾಡುತ್ತದೆ.

ನನ್ನ ಹೆಸರು ಅಂಗಡಿಯವರಿಗೆ ಗೊತ್ತಾಗಬಾರದು. ಹೆಸರಿಲ್ಲದೆ ಬರೆಯಬಹುದೇ?

ಬರೆಯಬಹುದು, ಆದರೆ ಫಲಿತಾಂಶ ನಿಮಗೆ ತಲುಪುವ ದಾರಿ ಇರುವುದಿಲ್ಲ. ಹೆಸರು ಕೊಟ್ಟು, ಅದನ್ನು ಗುಪ್ತವಾಗಿಡಿ ಎಂದು ಅರ್ಜಿಯಲ್ಲೇ ಕೋರುವುದು ಮೇಲು. ಯಂತ್ರ ತಪ್ಪಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನಿರೀಕ್ಷಕರ ಬಟ್ಟುಗಳು. ಅದಕ್ಕೆ ನಿಮ್ಮ ಮುಖ ಬೇಕಿಲ್ಲ.

ನಿರೀಕ್ಷಕರು ಬಂದಾಗ ಏನು ಮಾಡುತ್ತಾರೆ?

ತಮ್ಮ ಕಾರ್ಯಮಾನಕ ಬಟ್ಟುಗಳನ್ನು, ಅಂದರೆ ಪರೀಕ್ಷೆಗೆಂದೇ ಇರುವ ಬಟ್ಟುಗಳನ್ನು, ತರುತ್ತಾರೆ. ಆ ಬಟ್ಟುಗಳನ್ನು ಇಲಾಖೆಯ ಪ್ರಯೋಗಾಲಯದ ಮೇಲ್ದರ್ಜೆಯ ಬಟ್ಟುಗಳೊಡನೆ ಆಗಾಗ ಹೋಲಿಸಿರುತ್ತಾರೆ. ಅವನ್ನು ಅದಕ್ಕೂ ಮೇಲಿನವುಗಳೊಡನೆ. ಹೀಗೆ ಈ ಸರಪಳಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರೆಗೆ ಹೋಗುತ್ತದೆ. ಭಟ್ಕಳದ ಕಿರಾಣಿ ಅಂಗಡಿಯ ಕಿಲೋ ಮತ್ತು ದೆಹಲಿಯ ಕಿಲೋ ಒಂದೇ ಆಗಿರುವುದು ಇದರಿಂದ.

ಮೊದಲು ಮೊಹರು ಮತ್ತು ಪ್ರಮಾಣಪತ್ರ, ಆಮೇಲೆ ಸೊನ್ನೆ, ಸಣ್ಣ ಭಾರ, ನಡುವಿನ ಭಾರ, ದೊಡ್ಡ ಭಾರ, ಮೂಲೆಗಳು. ಒಂದೇ ಭಾರವನ್ನು ಪದೇ ಪದೇ ಇಟ್ಟು ಅಂಕಿ ಬದಲಾಗುತ್ತದೆಯೇ ಎಂದೂ ನೋಡುತ್ತಾರೆ. ತಟ್ಟೆಯ ಅಡಿಗೆ ಕೈಯಾಡಿಸಿ ಅಯಸ್ಕಾಂತವೋ, ಅಂಟಿಸಿದ ಹುಣಸೆಹಣ್ಣಿನ ಉಂಡೆಯೋ ಇದೆಯೇ ಎಂದು ಹುಡುಕುತ್ತಾರೆ. ತಪ್ಪು ಕಂಡರೆ ಯಂತ್ರವನ್ನು ಬಳಸದಂತೆ ತಡೆಯಬಹುದು, ವಶಪಡಿಸಿಕೊಳ್ಳಬಹುದು, ಪ್ರಕರಣ ದಾಖಲಿಸಬಹುದು. ಹಲವು ಪ್ರಕರಣಗಳು 48ನೇ ಕಲಮಿನಡಿ ದಂಡ ಕಟ್ಟಿ ರಾಜಿಯಲ್ಲಿ ಮುಗಿಯುತ್ತವೆ.

ವಿದ್ಯುತ್ ಮೀಟರ್ ಜೋರಾಗಿ ಓಡುತ್ತದೆ. ಅದನ್ನೂ ಇವರೇ ನೋಡುತ್ತಾರೆಯೇ? ಪಡಿತರ ಅಂಗಡಿಯದು?

ವಿದ್ಯುತ್ ಮೀಟರಿಗೆ ಹೆಸ್ಕಾಂ ಉಪವಿಭಾಗದಲ್ಲಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಬೇಕು. ಪಡಿತರ ಅಂಗಡಿಯ ತೂಕದ ಯಂತ್ರ ಮಾಪನಶಾಸ್ತ್ರ ಇಲಾಖೆಗೆ ಸೇರಿದ್ದು. ಅಕ್ಕಿಯೇ ಬಂದಿಲ್ಲ, ಹಂಚಿಕೆ ಕಡಿಮೆ ಕೊಟ್ಟರು ಎಂಬ ದೂರು ಆಹಾರ ಇಲಾಖೆಯ 1967ಕ್ಕೆ. ಆಸ್ಪತ್ರೆಯಲ್ಲಿ ಮಗುವನ್ನು ತೂಗುವ ಯಂತ್ರ ವ್ಯಾಪಾರದ್ದಲ್ಲದಿದ್ದರೂ ಈ ಕಾಯಿದೆಯೊಳಗೆ ಬರುತ್ತದೆ, ಏಕೆಂದರೆ ಅದರ ಅಂಕಿ ನೋಡಿ ಔಷಧದ ಪ್ರಮಾಣ ನಿರ್ಧರಿಸುತ್ತಾರೆ.

## ಬೆಳೆಗಾರರು, ಹೈನುಗಾರರು, ಲಾರಿಯವರು

ಅಡಿಕೆ ಚೀಲದ ತೂಕದಲ್ಲಿ ಮನೆಗೂ ಮಂಡಿಗೂ ವ್ಯತ್ಯಾಸ ಬರುತ್ತದೆ. ಯಾರನ್ನು ಕೇಳಲಿ?

ಇಲ್ಲಿ ಮೂರು ವಿಷಯಗಳು ಬೆರೆತಿರುತ್ತವೆ, ಬೇರ್ಪಡಿಸಿ ನೋಡಬೇಕು.

ಒಂದು, ಅಡಿಕೆಯೇ ತೂಕ ಬದಲಿಸುತ್ತದೆ. ಮಳೆಗಾಲದಲ್ಲಿ ಅಟ್ಟದಲ್ಲಿಟ್ಟ ಚಾಲಿ, ಅಂದರೆ ಒಣಗಿಸಿದ ಅಡಿಕೆ, ತೇವ ಹೀರುತ್ತದೆ, ಬಿಸಿಲಿಗೆ ಹಾಕಿದರೆ ಬಿಡುತ್ತದೆ. ವಾರದ ಹಿಂದಿನ ತೂಕವನ್ನು ಇಂದಿನದಕ್ಕೆ ಹೋಲಿಸಬೇಡಿ.

ಎರಡು, ಯಂತ್ರ. 300 ಕಿಲೋ ಸಾಮರ್ಥ್ಯದ, ಇ 50 ಗ್ರಾಂ ಇರುವ ನೆಲತೂಕದ ಯಂತ್ರದಲ್ಲಿ 65 ಕಿಲೋ ಚೀಲ ತೂಗಿದರೆ ಬಳಕೆಯಲ್ಲಿ 100 ಗ್ರಾಂವರೆಗಿನ ವ್ಯತ್ಯಾಸ ನಿಯಮದೊಳಗೇ ಇದೆ. ಕಿಲೋಗೆ 400 ರೂಪಾಯಿ ಎಂದುಕೊಂಡರೆ ಅದು ಚೀಲಕ್ಕೆ 40 ರೂಪಾಯಿ. ಅರ್ಧ ಕಿಲೋ ತಪ್ಪಿದರೆ 200 ರೂಪಾಯಿ, ಮತ್ತು ಆ ಯಂತ್ರದ ಪರೀಕ್ಷೆಯನ್ನು ಈ ದಿನವೇ ಕೇಳಬೇಕು.

ಮೂರು, ಕಡಿತ. ಚೀಲದ ತೂಕ ಎಂದೋ, ಸೂಟು ಎಂದೋ, ಮಾದರಿಗೆ ಎಂದೋ ತೆಗೆಯುವುದು ಯಂತ್ರದ ದೋಷವಲ್ಲ. ಯಂತ್ರವನ್ನು ಎಷ್ಟು ಪರೀಕ್ಷಿಸಿದರೂ ಇದು ಹೊರಬೀಳದು. ಇದನ್ನು ಎಪಿಎಂಸಿ ಕಾರ್ಯದರ್ಶಿಯವರಿಗೆ ಬರೆದುಕೊಡಬೇಕು. ದೂರು ಬರೆಯುವ ಮೊದಲು ಚೀಟಿಯಲ್ಲಿ ಒಟ್ಟು ತೂಕ, ಕಡಿತ, ನಿವ್ವಳ ತೂಕ ಮೂರೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಬರೀ ನಿವ್ವಳ ಬರೆದ ಚೀಟಿಯನ್ನು ಒಪ್ಪಿಕೊಳ್ಳಬೇಡಿ, ಕಾಳುಮೆಣಸಿಗಂತೂ ಖಂಡಿತ ಬೇಡ.

ಮನೆಯಲ್ಲಿ ಹತ್ತು ಲೀಟರ್ ಅಳೆದು ಒಯ್ದ ಹಾಲು ಡೇರಿಯಲ್ಲಿ ಬೇರೆ ಅಂಕಿ ತೋರಿಸುತ್ತದೆ.

ಡೇರಿ ಕಿಲೋದಲ್ಲಿ ತೂಗುತ್ತಿದೆಯೋ ಲೀಟರಿನಲ್ಲಿ ತೋರಿಸುತ್ತಿದೆಯೋ ಕೇಳಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ, ಹಾಗಾಗಿ ಹತ್ತು ಲೀಟರಿಗೆ 10.3 ಕಿಲೋ ಬರಬೇಕು. ಕಿಲೋ ಅಂಕಿಗೆ ಲೀಟರಿನ ದರ ಕಟ್ಟುತ್ತಿದ್ದರೆ ಲಾಭ ನಿಮ್ಮದು, ತಿರುಗುಮುರುಗಾಗಿದ್ದರೆ ನಷ್ಟ ನಿಮ್ಮದು. ಕರೆದ ಕೂಡಲೇ ನೊರೆ ಸಮೇತ ಅಳೆದರೆ ಮನೆಯ ಅಳತೆಯೇ ಹೆಚ್ಚಿಗೆ ತೋರಿಸುತ್ತದೆ. ಇದೆಲ್ಲ ಕಳೆದ ಮೇಲೂ ಲೆಕ್ಕ ಕೂಡದಿದ್ದರೆ ಸಂಘದ ಇತರ ಸದಸ್ಯರ ಜೊತೆ ಸೇರಿ ಒಂದೇ ಅರ್ಜಿ ಕೊಡಿ.

ವೇ ಬ್ರಿಡ್ಜಿನಲ್ಲಿ ಚಿರೇಕಲ್ಲಿನ ಲಾರಿ ತೂಗಿದರೆ ಒಂದೊಂದು ಕಡೆ ಒಂದೊಂದು ತೂಕ. ಯಾವುದನ್ನು ನಂಬುವುದು?

ಮೊದಲು ಒಂದೇ ವೇ ಬ್ರಿಡ್ಜಿನಲ್ಲಿ ಲಾರಿಯನ್ನು ವೇದಿಕೆಯ ಮುಂಭಾಗ, ನಡುಭಾಗ, ಹಿಂಭಾಗದಲ್ಲಿ ನಿಲ್ಲಿಸಿ ಮೂರು ಸಲ ತೂಗಿಸಿ. ಎಲ್ಲ ಗಾಲಿಗಳೂ ವೇದಿಕೆಯ ಮೇಲಿರಲಿ, ಚಾಲಕರು ಮೂರೂ ಸಲ ಒಳಗೇ ಇರಲಿ ಅಥವಾ ಮೂರೂ ಸಲ ಇಳಿದಿರಲಿ. 60 ಟನ್ನಿನ, ಇ 10 ಕಿಲೋ ಇರುವ ವೇದಿಕೆಯಲ್ಲಿ 20 ಟನ್ ಭಾರಕ್ಕೆ ಬಳಕೆಯಲ್ಲಿ 20 ಕಿಲೋ ವ್ಯತ್ಯಾಸ ನಿಯಮದೊಳಗೆ. ಮೂರು ತೂಕಗಳ ನಡುವೆ ನೂರಾರು ಕಿಲೋ ಅಂತರ ಬಂದರೆ ವೇದಿಕೆಯ ಒಂದು ಮೂಲೆಯ ಲೋಡ್ ಸೆಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ವೇದಿಕೆಯ ಅಂಚಿನ ಸಂದಿನಲ್ಲಿ ಕಲ್ಲು, ಮಣ್ಣು ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ, ಮಳೆಗಾಲದಲ್ಲಿ ಇದನ್ನೇ ಮೊದಲು ನೋಡಬೇಕು. ಬಿಚ್ಚಿ ಮತ್ತೆ ಕೂಡಿಸಿದ ವೇ ಬ್ರಿಡ್ಜಿಗೆ ವರ್ಷ ಮುಗಿದಿರದಿದ್ದರೂ ಹೊಸ ಮೊಹರು ಬೇಕೇ ಬೇಕು.

ಕಾರವಾರದಲ್ಲಿ ಮೊಹರು ಹಾಕಿದ ಯಂತ್ರ ಶಿರಸಿಯಲ್ಲಿ ಬೇರೆ ತೂಕ ತೋರಿಸುತ್ತದಂತೆ. ಹೌದೇ?

ಹೌದು, ಆದರೆ ಬಹಳ ಕಡಿಮೆ. ಎಲೆಕ್ಟ್ರಾನಿಕ್ ಯಂತ್ರ ಅಳೆಯುವುದು ಭೂಮಿ ವಸ್ತುವನ್ನು ಎಳೆಯುವ ಬಲವನ್ನು. ಸಮುದ್ರಮಟ್ಟದಿಂದ ಘಟ್ಟ ಹತ್ತಿ ಸುಮಾರು 600 ಮೀಟರ್ ಎತ್ತರಕ್ಕೆ ಹೋದರೆ ಆ ಬಲ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟು ತಗ್ಗುತ್ತದೆ. 20 ಕಿಲೋಗೆ ಎರಡರಿಂದ ನಾಲ್ಕು ಗ್ರಾಂ. 5 ಗ್ರಾಂ ಮೆಟ್ಟಿಲಿನ ಯಂತ್ರದಲ್ಲಿ ಇದು ಒಂದು ಮೆಟ್ಟಿಲಿಗಿಂತಲೂ ಕಡಿಮೆ. ಬಟ್ಟು ಇಟ್ಟು ತೂಗುವ ತಕ್ಕಡಿಗೆ ಇದು ತಟ್ಟುವುದಿಲ್ಲ, ಎರಡೂ ತಟ್ಟೆಗಳ ಎಳೆತ ಒಟ್ಟಿಗೇ ತಗ್ಗುತ್ತದೆ. ಅರ್ಧ ಕಿಲೋ ಕೊರತೆಗೆ ಘಟ್ಟದ ನೆಪ ಹೇಳಿದರೆ ಒಪ್ಪಬೇಡಿ.

## ವ್ಯಾಪಾರಿಗಳು ಕೇಳುವುದು

ಆನ್‌ಲೈನಿನಲ್ಲಿ ಅಗ್ಗಕ್ಕೆ ತೂಕದ ಯಂತ್ರ ತರಿಸಿದೆ. ಮೊಹರು ಹಾಕಿಕೊಡುತ್ತಾರೆಯೇ?

ಯಂತ್ರದ ಪಟ್ಟಿಯಲ್ಲಿ ಮಾದರಿ ಅನುಮೋದನೆಯ ಸಂಖ್ಯೆ ಇದ್ದರೆ ಮಾತ್ರ. ಕೇಂದ್ರ ಸರ್ಕಾರ ಅನುಮೋದಿಸದ ಮಾದರಿಗೆ ಮೊಹರು ಬೀಳುವುದಿಲ್ಲ, ಮೊಹರಿಲ್ಲದ ಯಂತ್ರದಲ್ಲಿ ವ್ಯಾಪಾರ ಮಾಡುವುದು ಅಪರಾಧ. ಪರವಾನಗಿ ಇರುವ ಮಾರಾಟಗಾರರಿಂದ ಕೊಂಡು, ಬಿಲ್ಲು ಇಟ್ಟುಕೊಳ್ಳಿ. ಅವಧಿ ಮುಗಿಯುವ ಮೊದಲೇ ಹಳೆಯ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಯಂತ್ರ ಕೆಟ್ಟಿತು, ಪಕ್ಕದ ಮೊಬೈಲ್ ಅಂಗಡಿಯವನು ಸರಿ ಮಾಡಿಕೊಟ್ಟ. ಬಳಸಬಹುದೇ?

ಬಳಸಬೇಡಿ. ದುರಸ್ತಿಗೆ ಇಲಾಖೆಯ ಪರವಾನಗಿ ಬೇಕು. ಪರವಾನಗಿದಾರರೇ ಮಾಡಿದರೂ ಮೊಹರು ಮುರಿದಿದ್ದರೆ ಮರುಸತ್ಯಾಪನೆ ಆಗುವ ತನಕ ಯಂತ್ರವನ್ನು ಪಕ್ಕಕ್ಕಿಡಿ. ನೀವು ಪ್ರಾಮಾಣಿಕರೆಂಬುದು ಇಡೀ ಊರಿಗೆ ಗೊತ್ತಿರಬಹುದು. ಮುರಿದ ಮೊಹರು ಕಂಡ ನಿರೀಕ್ಷಕರಿಗೆ ಅದು ಗೊತ್ತಾಗುವ ದಾರಿಯಿಲ್ಲ.

## ಮುಂದಿನ ಹೆಜ್ಜೆ

ಯಂತ್ರ ತಪ್ಪೆಂದು ಸಾಬೀತಾಯಿತು. ನನ್ನ ದುಡ್ಡು ವಾಪಸ್ ಬರುತ್ತದೆಯೇ?

ತಾನಾಗಿ ಬರುವುದಿಲ್ಲ. ದಂಡ ಸರ್ಕಾರಕ್ಕೆ ಸೇರುತ್ತದೆ. ನಿಮ್ಮ ನಷ್ಟಕ್ಕೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಸಾಮಾನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ಸರಿ. ಘಟನೆ ನಡೆದು ಎರಡು ವರ್ಷದೊಳಗೆ ಹೂಡಬೇಕು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ನಿರೀಕ್ಷಕರ ವರದಿಯ ಪ್ರತಿ ಇಲ್ಲಿ ನಿಮ್ಮ ಬಲವಾದ ಸಾಕ್ಷಿ.

ಅಡಿಕೆ ಮಾರಿದ ಬೆಳೆಗಾರರು ಖರೀದಿದಾರರ ಎದುರು ಗ್ರಾಹಕರಾಗುವುದಿಲ್ಲ, ಆದ್ದರಿಂದ ಈ ದಾರಿ ಅವರಿಗೆ ಸುಲಭವಲ್ಲ. ಮಾರಾಟದ ಸೇವೆಗೆ ಶುಲ್ಕ ಕೊಟ್ಟಿದ್ದರೆ ಮಾತು ಬೇರೆ, ಆಗ ವಕೀಲರನ್ನು ಒಮ್ಮೆ ಕೇಳಿ.

ಅರ್ಜಿ ಕೊಟ್ಟು ಬಹಳ ದಿನವಾಯಿತು. ಯಾರೂ ಬಂದ ಹಾಗಿಲ್ಲ.

ಸ್ವೀಕೃತಿಯ ಪ್ರತಿ ಹಿಡಿದು ಮೊದಲು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ನಿರೀಕ್ಷಕರು ಸದ್ದಿಲ್ಲದೆ ಬಂದು ಪರೀಕ್ಷಿಸಿ ಹೋಗಿರುವುದೂ ಉಂಟು. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮೂರೇ ವಿಷಯ ಕೇಳಿ: ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮ, ಆ ಯಂತ್ರದ ಕೊನೆಯ ಸತ್ಯಾಪನೆಯ ದಿನಾಂಕ, ತಪಾಸಣೆ ಆಗಿದ್ದರೆ ಅದರ ವರದಿಯ ಪ್ರತಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ. ಇದರ ಜೊತೆಗೇ ಇಲಾಖೆಯ ರಾಜ್ಯಮಟ್ಟದ ಮುಖ್ಯಸ್ಥರಾದ ಬೆಂಗಳೂರಿನ ನಿಯಂತ್ರಕರ ಕಚೇರಿಗೆ ಅದೇ ಅರ್ಜಿಯ ಪ್ರತಿ ಕಳುಹಿಸಿ.

ನಿರೀಕ್ಷಕರ ತೀರ್ಮಾನವೇ ತಪ್ಪು ಅನ್ನಿಸಿದರೆ?

ಯಂತ್ರದ ಮಾಲೀಕರು ಕಾಯಿದೆಯ 50ನೇ ಕಲಮಿನಡಿ ಆದೇಶವಾದ 60 ದಿನದೊಳಗೆ ನಿಯಂತ್ರಕರಿಗೆ ಮೇಲ್ಮನವಿ ಸಲ್ಲಿಸಬಹುದು. ದೂರುದಾರರಿಗೆ ಫಲಿತಾಂಶ ಒಪ್ಪಿಗೆಯಾಗದಿದ್ದರೆ ಮರುಪರೀಕ್ಷೆಗೆ ಜಿಲ್ಲಾ ಕಚೇರಿಗೆ ಲಿಖಿತವಾಗಿ ಕೋರಬಹುದು. ಹೊಸ ಖರೀದಿ, ಹೊಸ ಬಿಲ್ಲು, ಮೊಹರು ಇರುವ ಇನ್ನೊಂದು ಯಂತ್ರದಲ್ಲಿ ತೂಗಿಸಿದ ಚೀಟಿ ಇವು ಜೊತೆಗಿದ್ದರೆ ಆ ಕೋರಿಕೆಯನ್ನು ತಳ್ಳಿಹಾಕುವುದು ಕಷ್ಟ. ಮೊದಲ ದೂರಿನ ದಿನ ಯಂತ್ರ ಸರಿಯಿದ್ದು ಆಮೇಲೆ ಕೆಟ್ಟಿರಲೂಬಹುದು. ಆದ್ದರಿಂದ ಹಳೆಯ ವಿವರವನ್ನೇ ಮತ್ತೆ ಕಳುಹಿಸದೆ ಹೊಸ ದಿನಾಂಕದ ವಿವರ ಬರೆಯಿರಿ.